ದೊಡ್ಡಮ್ಮನ ಕುಂಡಗಳು ಮತ್ತು ಸಿಲ್ವರ್ ಮರದ ತೊಗಟೆ: ಗಾಳಿಬೀಡು ಕಡೆಯ ಒಂದು ಪ್ರಕರಣ

ನಮ್ಮ ದೊಡ್ಡಮ್ಮನ ಮನೆ ಮಡಿಕೇರಿಯಿಂದ ಗಾಳಿಬೀಡಿಗೆ ಹೋಗುವ ದಾರಿಯಲ್ಲಿದೆ. ಮನೆ ಮುಂದೆ ಕಾಫಿ ಒಣಗಿಸುವ ಕಣ, ಕಣದ ಸುತ್ತ ಹೂವಿನ ಕುಂಡ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಎಣಿಸಿದಾಗ ಒಟ್ಟು 64 ಇದ್ದವು. 38 ಆಂಥೂರಿಯಂ, 14 ಬುಷ್ ಪೆಪ್ಪರ್ (ಕುಂಡದಲ್ಲಿ ಪೊದೆಯಂತೆ ಬೆಳೆಯುವ ಕರಿಮೆಣಸು), ಉಳಿದ 12 ಬಿಗೋನಿಯಾ ಮತ್ತು ಹೈಡ್ರೇಂಜಿಯಾ. ಸೆಪ್ಟೆಂಬರ್ ಕೊನೆಗೆ 41 ಉಳಿದಿದ್ದವು. ಸತ್ತ 23ರಲ್ಲಿ 15 ಆಂಥೂರಿಯಂ, 6 ಮೆಣಸು, 2 ಬಿಗೋನಿಯಾ.

"ಮಳೆಗೆ ಹೋದವು ಮಗ, ಏನು ಮಾಡೋಕಾಗುತ್ತೆ" ಅಂದರು ದೊಡ್ಡಮ್ಮ. ಆ ಕಡೆಯ ಮಳೆ ಗೊತ್ತಲ್ವಾ? ಮಡಿಕೇರಿ ಸುತ್ತ ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ. ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಅವರು ಸುಮ್ನೆ ಕೂತಿರಲೂ ಇಲ್ಲ. ತೋಟದ ಮೆಣಸಿನ ಬಳ್ಳಿಗೆ ಮಾಡಿದ ಬೋರ್ಡೋ ದ್ರಾವಣವನ್ನೇ (ಮೈಲುತುತ್ತ, ಸುಣ್ಣ ಬೆರೆಸಿದ ರೋಗನಾಶಕ) ಎರಡು ಸಲ ಕುಂಡಗಳಿಗೂ ಹೊಡೆಸಿದ್ದರು. ಎಲೆಗೆ ಚೆನ್ನಾಗಿ ಬಿದ್ದಿತ್ತು. ಗಿಡ ಮಾತ್ರ ಉಳಿಯಲಿಲ್ಲ.

ನನಗೆ ಒಂದು ವಿಷಯ ಕಾಡುತ್ತಿತ್ತು. ಅದೇ ಕಣದ ಪಕ್ಕದ ಹಲಸಿನ ಮರದಲ್ಲಿ ಸೀತಾಳೆ ದಂಡೆ ಅನ್ನುವ ಆರ್ಕಿಡ್ ಇದೆ. ನಾನು ಸಣ್ಣವಳಿದ್ದಾಗಿನಿಂದ ಇದೆ. ಅದೇ ಮಳೆ, ಅದೇ ಮಂಜು. ಅದರ ಬೇರು ಒಂದು ದಿನವೂ ಕೊಳೆತದ್ದಿಲ್ಲ. ಬೇರು ತೊಗಟೆಗೆ ಅಂಟಿಕೊಂಡು ಗಾಳಿಯಲ್ಲೇ ಇರುತ್ತದೆ. ಮಳೆ ಬಂದರೆ ನೆನೆಯುತ್ತದೆ, ಐದು ನಿಮಿಷ ಬಿಟ್ಟರೆ ನೀರು ಇಳಿದು ಹೋಗುತ್ತದೆ. ಆಂಥೂರಿಯಂ ಕೂಡ ಹೆಚ್ಚುಕಮ್ಮಿ ಇದೇ ಸ್ವಭಾವದ್ದು. ಕೊಲಂಬಿಯಾ, ಈಕ್ವೆಡಾರ್ ಕಡೆಯ ಮಳೆಕಾಡಿನ ಗಿಡ. ಮರದ ಮೇಲೆ, ಎಲೆ ಕೊಳೆತ ಸಡಿಲ ಜಾಗದಲ್ಲಿ ಬೆಳೆಯುತ್ತದೆ. ಅದನ್ನು ತಂದು ನಾವು ಕೆಂಪು ಮಣ್ಣಿನಲ್ಲಿ ಒತ್ತಿ ಒತ್ತಿ ನೆಟ್ಟಿದ್ದೆವು.

ಕುಂಡ ಬಡಿದು ನೋಡಿದಾಗ

ಅಕ್ಟೋಬರ್‌ನಲ್ಲಿ, ತುಲಾ ಸಂಕ್ರಮಣ ಕಳೆದ ಮೇಲೆ, ಸತ್ತ ಕುಂಡಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ ಬಡಿದೆವು. ಮಣ್ಣಿನ ಗಡ್ಡೆ ಕುಂಡದ ಆಕಾರದಲ್ಲೇ ಹೊರಬಂತು. ಮೇಲಿನ ಅರ್ಧ ಕೆಂಪಗೆ, ಮಾಮೂಲಿ ಮಣ್ಣು. ಕೆಳಗಿನ ಮೂರು ನಾಲ್ಕು ಇಂಚು ಮಾತ್ರ ಬೂದುಗಪ್ಪು. ಚರಂಡಿ ವಾಸನೆ. ಅಲ್ಲಿದ್ದ ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ಮೇಲಿನ ಸಿಪ್ಪೆ ಸರ್ರನೆ ಜಾರಿ ಬೆರಳಿಗೆ ಬಂತು, ಒಳಗೆ ದಾರದಂಥ ನಾರು ಉಳಿಯಿತು. ಬೇರು ಕೊಳೆ ರೋಗದ ಗುರುತು ಇದು. ಪ್ರಯೋಗಾಲಯಕ್ಕೆ ನಾವು ಕಳಿಸಲಿಲ್ಲ, ಲಕ್ಷಣ ನೋಡಿ ಹೇಳುತ್ತಿದ್ದೇನೆ.

ಇಂಥ ಕೊಳೆಗೆ ಸಾಮಾನ್ಯವಾಗಿ ಕಾರಣ ಪಿಥಿಯಂ ಅಥವಾ ಫೈಟಾಪ್ತೊರ ಅನ್ನುವ, ಶಿಲೀಂಧ್ರದಂಥ ಸೂಕ್ಷ್ಮಜೀವಿಗಳು. ಕೊಡಗಿನವರಿಗೆ ಫೈಟಾಪ್ತೊರ ಹೊಸಬನಲ್ಲ. ಮೆಣಸಿನ ಬಳ್ಳಿಯ ಶೀಘ್ರ ಸೊರಗು ರೋಗ, ಅಡಿಕೆಯ ಕೊಳೆರೋಗ, ಎರಡೂ ಈ ಕುಲದವೇ ತರುವ ಕಾಟ. ಇದರ ಬೀಜಾಣುಗಳಿಗೆ ಸಣ್ಣ ಬಾಲ ಇರುತ್ತದೆ, ನೀರಿನಲ್ಲಿ ಈಜಿಕೊಂಡು ಬೇರು ಹುಡುಕುತ್ತವೆ. ಈಜಲು ನೀರು ನಿಂತಿರಬೇಕು. ಎಲೆಗೆ ಹೊಡೆದ ಮೈಲುತುತ್ತ ಕುಂಡದ ತಳದಲ್ಲಿ ಏನು ಮಾಡೀತು?

ಪ್ರತಿ ಕುಂಡದ ತಳದಲ್ಲೂ ಎರಡು ಇಂಚು ಹೆಂಚಿನ ಚೂರು, ಕಲ್ಲು ಇತ್ತು. "ನೀರು ಇಳಿಯಲಿ ಅಂತ ಹಾಕಿದ್ದು, ನಮ್ಮ ಅಮ್ಮನೂ ಹಾಗೇ ಹಾಕುತ್ತಿದ್ದರು" ಅಂದರು ದೊಡ್ಡಮ್ಮ. ಆ ಕಪ್ಪು ಪದರ ಸರಿಯಾಗಿ ಕಲ್ಲಿನ ಮೇಲಿನಿಂದಲೇ ಶುರುವಾಗಿತ್ತು.

ಇದನ್ನು ಬಾಯಲ್ಲಿ ಹೇಳಿ ಒಪ್ಪಿಸುವುದು ಕಷ್ಟ. ಅದಕ್ಕೆ ಪಾತ್ರೆ ತೊಳೆಯುವ ಸ್ಪಾಂಜ್ ತಂದೆ. ಬಕೆಟ್‌ನಲ್ಲಿ ಪೂರ್ತಿ ನೆನೆಸಿ, ಜಗಲಿಯ ಕಟ್ಟೆ ಮೇಲೆ ಅಂಗೈಯಲ್ಲಿ ಅಡ್ಡ ಹಿಡಿದೆ. ತೊಟ್ಟಿಕ್ಕಿತು, ನಿಂತಿತು. ಇನ್ನೇನು ಒಂದು ಹನಿಯೂ ಇಲ್ಲ ಅನ್ನುವಾಗ ಅದನ್ನು ಉದ್ದಕ್ಕೆ ನಿಲ್ಲಿಸಿದೆ. ಮತ್ತೆ ನೀರು ಸುರಿಯಿತು. ಹಿಂಡಲಿಲ್ಲ, ಅಲುಗಿಸಲಿಲ್ಲ, ಬರೀ ನಿಲ್ಲಿಸಿದ್ದು. ದೊಡ್ಡಮ್ಮ ಸ್ಪಾಂಜ್ ಇಸಿದುಕೊಂಡು ತಾವೇ ಎರಡು ಸಲ ಮಾಡಿ ನೋಡಿದರು.

ವಿಷಯ ಇಷ್ಟೆ. ಸಣ್ಣ ರಂಧ್ರಗಳು ನೀರನ್ನು ಹಿಡಿದುಕೊಳ್ಳುತ್ತವೆ, ದೀಪದ ಬತ್ತಿ ಎಣ್ಣೆಯನ್ನು ಮೇಲೆ ಎಳೆದು ಹಿಡಿಯುವ ಹಾಗೆ. ಕುಂಡದ ತೂತು ಎಷ್ಟೇ ದೊಡ್ಡದಿರಲಿ, ತಳದಲ್ಲಿ ಇಷ್ಟು ಎತ್ತರದ ನೀರು ನಿಂತೇ ಇರುತ್ತದೆ. ಆ ಎತ್ತರ ಎಷ್ಟು ಅನ್ನುವುದು ಕುಂಡದ ಅಳತೆಯಿಂದ ಬರುವುದಿಲ್ಲ, ಒಳಗಿರುವ ಕಣಗಳ ಗಾತ್ರದಿಂದ ಬರುತ್ತದೆ. ನುಣುಪು ಮಣ್ಣಾದರೆ ಎತ್ತರ ಜಾಸ್ತಿ. ಕಣ 3 ಮಿ.ಮೀ.ಗಿಂತ ದಪ್ಪವಿದ್ದರೆ ಆ ನೀರು ಹೆಚ್ಚುಕಮ್ಮಿ ನಿಲ್ಲುವುದೇ ಇಲ್ಲ. ಸಣ್ಣ ರಂಧ್ರದ ಮಣ್ಣು ತನ್ನ ನೀರನ್ನು ದೊಡ್ಡ ಸಂದಿನ ಕಲ್ಲಿಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ತಳಕ್ಕೆ ಕಲ್ಲು ಹಾಕಿದರೆ ನಿಂತ ನೀರು ಎರಡು ಇಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬಂದ ಹಾಗಾಯಿತು. ಎಂಟು ಇಂಚಿನ ಕುಂಡದಲ್ಲಿ ಕಲ್ಲಿಗೆ ಎರಡು, ನಿಂತ ನೀರಿಗೆ ಮೂರು ನಾಲ್ಕು ಹೋದರೆ ಬೇರಿಗೆ ಉಸಿರಾಡಲು ಉಳಿದದ್ದೆಷ್ಟು? ಆಮ್ಲಜನಕ ನೀರಿನಲ್ಲಿ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಬಿಸಿಲಿಲ್ಲದ ಆಷಾಢದಲ್ಲಿ ಅಲ್ಲಿರುವ ಬೇರು ಉಸಿರು ಕಟ್ಟಿಯೇ ಸಾಯುತ್ತದೆ. ರೋಗ ಬರುವುದು ಆಮೇಲೆ.

ಮೊದಲ ಸಲ ಎಡವಿದ್ದು

ಹೊರದೇಶಗಳಲ್ಲಿ ಕುಂಡಕ್ಕೆ ಪೈನ್ ಮರದ ತೊಗಟೆ ಬಳಸುವುದು ಹಳೆಯ ರೂಢಿ. ತುಂಬ ಜನ ಅನುಸರಿಸುವ ಲೆಕ್ಕ ಐದು ಪಾಲು ತೊಗಟೆ, ಒಂದು ಪಾಲು ಪೀಟ್ (ಜೌಗು ನೆಲದ ಅರೆಕೊಳೆತ ಪಾಚಿ), ಒಂದು ಪಾಲು ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಕಲ್ಲು), ಮೇಲೆ ಸ್ವಲ್ಪ ಸುಣ್ಣ. ತೊಗಟೆಯಲ್ಲಿ ಲಿಗ್ನಿನ್, ಸೂಬರಿನ್ ಅನ್ನುವ ಗಟ್ಟಿ ಪದಾರ್ಥ ಜಾಸ್ತಿ ಇರುವುದರಿಂದ ಬೇಗ ಕೊಳೆಯುವುದಿಲ್ಲ, ಕಣಗಳ ನಡುವೆ ಗಾಳಿ ಉಳಿಯುತ್ತದೆ.

ಪೈನ್ ತೊಗಟೆ ಪೊಟ್ಟಣದಲ್ಲಿ ಸಿಗುತ್ತದೆ, ಆದರೆ 64 ಕುಂಡಕ್ಕೆ ತರಿಸಿದರೆ ಗಿಡಕ್ಕಿಂತ ಮಣ್ಣೇ ದುಬಾರಿ. ನಮ್ಮಲ್ಲಿ ಎಲ್ಲಿ ನೋಡಿದರೂ ಸಿಲ್ವರ್ ಮರ, ಅಂದರೆ ಸಿಲ್ವರ್ ಓಕ್. ಕಾಫಿಗೆ ನೆರಳು, ಮೆಣಸಿಗೆ ಆಸರೆ. ಹತ್ತಿರದ ಒಂದು ಸಾಮಿಲ್‌ನ ಹಿಂದೆ ಅದರ ತೊಗಟೆ ರಾಶಿ ಬಿದ್ದಿತ್ತು. ಕೇಳಿದ್ದಕ್ಕೆ "ತಗೊಂಡು ಹೋಗಿ, ಜಾಗ ಖಾಲಿಯಾಗಲಿ" ಅಂದರು. ಪಿಕಪ್ ಬಾಡಿಗೆಯಷ್ಟೇ ಖರ್ಚು.

ನವೆಂಬರ್ ಮೊದಲ ವಾರ ಆ ಹಸಿ ತೊಗಟೆಯನ್ನು ಕತ್ತಿಯಲ್ಲಿ ಕೊಚ್ಚಿ, ಐದು ಒಂದು ಒಂದು ಲೆಕ್ಕದಲ್ಲೇ ಬೆರೆಸಿ ಹತ್ತು ಆಂಥೂರಿಯಂ ಮರಿ ನೆಟ್ಟೆವು. ಪೀಟ್ ಬದಲಿಗೆ ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ). ಡಿಸೆಂಬರ್ ಮಧ್ಯಕ್ಕೆ ಹತ್ತೂ ಹಳದಿ. ಹಳೆ ಎಲೆ ಮೊದಲು, ಆಮೇಲೆ ಹೊಸದು. ಬೇರು ನೋಡಿದರೆ ಬೆಳ್ಳಗಿದೆ, ಕೊಳೆತಿಲ್ಲ. ದೊಡ್ಡಮ್ಮನಿಗೆ ಬೇಜಾರಾಯಿತು. ನನಗೂ ಆಯಿತು, ಅವರ ಒಳ್ಳೆಯ ಮರಿಗಳನ್ನೇ ಕೇಳಿ ತಗೊಂಡಿದ್ದೆ.

ಹಸಿ ತೊಗಟೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ತೀರಾ ಕಡಿಮೆ. ಅದನ್ನು ತಿನ್ನಲು ಬರುವ ಸೂಕ್ಷ್ಮಜೀವಿಗಳು ಸುತ್ತಲಿನ ಸಾರಜನಕವನ್ನೆಲ್ಲ ಎಳೆದುಕೊಳ್ಳುತ್ತವೆ, ಗಿಡ ಉಪವಾಸ. ಇದು ನಿಜವೇ ಅಂತ ನೋಡಲು ಐದು ಕುಂಡಕ್ಕೆ ವಾರಕ್ಕೊಮ್ಮೆ ಲೀಟರಿಗೆ ಒಂದು ಗ್ರಾಂ ಯೂರಿಯಾ ಕರಗಿಸಿ ಹಾಕಿದೆವು, ಐದಕ್ಕೆ ಬರೀ ನೀರು. ಮೂರು ವಾರದಲ್ಲಿ ಯೂರಿಯಾ ಕುಡಿದ ಐದರ ಹೊಸ ಎಲೆ ಹಸಿರಾಗಿ ಬಂತು. ಉಳಿದ ಐದು ಹಾಗೇ ಇದ್ದವು. ಅನುಮಾನ ಅಲ್ಲಿಗೆ ತೀರಿತು.

ತಪ್ಪು ನಮ್ಮದೇ. ಪೈನ್‌ಗೆ ಹೇಳಿದ ಲೆಕ್ಕವನ್ನು ಸಿಲ್ವರ್‌ಗೆ ಹಾಗೇ ಹಾಕಿದ್ದೆವು. ಸಿಲ್ವರ್ ಅಗಲ ಎಲೆಯ ಗುಂಪಿನ ಮರ. ಅಂಥ ಮರಗಳ ತೊಗಟೆಯಲ್ಲಿ ಬೇಗ ಕರಗುವ ಸೆಲ್ಯುಲೋಸ್ ಪೈನ್‌ಗಿಂತ ಜಾಸ್ತಿ, ಹಾಗಾಗಿ ಸಾರಜನಕದ ಹಸಿವೂ ಜಾಸ್ತಿ. ಜೊತೆಗೆ ಸಾಮಿಲ್ ರಾಶಿಯಲ್ಲಿ ಮರದ ಪುಡಿ ಬೆರೆತಿತ್ತು. ಅದಂತೂ ತೊಗಟೆಗಿಂತ ಎಷ್ಟೋ ಬೇಗ ಕೊಳೆಯುವಂಥದ್ದು. ಇನ್ನೊಂದು ಮಾತು: ಕೊಚ್ಚಿದ ದಿನ ನನ್ನ ಮೊಣಕೈವರೆಗೆ ತುರಿಕೆ ಎದ್ದು ಮೂರು ದಿನ ಇತ್ತು. ಸಿಲ್ವರ್ ಮರದಲ್ಲಿ ಗ್ರೆವಿಲಾಲ್ ಅನ್ನುವ ಪದಾರ್ಥವಿದೆ, ಕೆಲವರ ಚರ್ಮಕ್ಕೆ ಆಗುವುದಿಲ್ಲ. ಕೈಗವಸು, ತುಂಬು ತೋಳಿನ ಅಂಗಿ ಇಲ್ಲದೆ ಇದನ್ನು ಮುಟ್ಟಬೇಡಿ.

ಮಾಗಿಸಿದ ರಾಶಿ

ಜನವರಿ ಕೊನೆಗೆ ಎರಡನೇ ಲೋಡ್ ತಂದೆವು. ಈ ಸಲ ಮೊದಲು ಗಾರೆಯವರ ಮರಳು ಜರಡಿಯಲ್ಲಿ ಪುಡಿಯನ್ನೆಲ್ಲ ಉದುರಿಸಿದೆವು. ಉಳಿದ ತೊಗಟೆಯನ್ನು ಕೊಚ್ಚಿ ಕಣದ ಮೂಲೆಯಲ್ಲಿ ರಾಶಿ ಹಾಕಿದೆವು. ಸುಮಾರು ಒಂದೂವರೆ ಘನ ಮೀಟರ್. ಒಂದು ಘನ ಮೀಟರ್‌ಗಿಂತ ಚಿಕ್ಕ ರಾಶಿ ಸರಿಯಾಗಿ ಬಿಸಿಯಾಗುವುದಿಲ್ಲ. ಒಂದು ಗೇಣು ತೊಗಟೆ, ಮೇಲೆ ಸಗಣಿ ಕದಡಿದ ನೀರು, ಸ್ವಲ್ಪ ಯೂರಿಯಾ, ಮತ್ತೆ ತೊಗಟೆ. ಒಟ್ಟು ಮೂರು ಕೆಜಿ ಯೂರಿಯಾ, ನಾಲ್ಕು ಬುಟ್ಟಿ ಹಸಿ ಸಗಣಿ ಹಿಡಿಯಿತು.

ಒಣ ತೊಗಟೆ ನೀರು ಹೀರುವುದೇ ಇಲ್ಲ, ಮೇಲಿನಿಂದ ಜಾರಿ ಹೋಗುತ್ತದೆ. ಅದಕ್ಕೇ ಪದರ ಪದರವಾಗಿ ನೆನೆಸಬೇಕು, ಮರುದಿನ ಇನ್ನೊಮ್ಮೆ. ಹದ ನೋಡುವುದು ಹೀಗೆ: ಒಂದು ಹಿಡಿ ತಗೊಂಡು ಗಟ್ಟಿಯಾಗಿ ಹಿಂಡಿ. ಅಂಗೈ ಒದ್ದೆಯಾಗಬೇಕು, ಬೆರಳ ಸಂದಿನಿಂದ ಹನಿ ಬೀಳಬಾರದು.

ಐದನೇ ದಿನ ಬೆಳಿಗ್ಗೆ ರಾಶಿಯಿಂದ ಹಬೆ ಏಳುತ್ತಿತ್ತು. ಕಬ್ಬಿಣದ ಸಲಾಕೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದರೆ ಕೈಯಲ್ಲಿ ಹಿಡಿಯಲು ಆಗಲಿಲ್ಲ. ಎರಡು ವಾರಕ್ಕೊಮ್ಮೆ ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ಮಗುಚಿದೆವು. ಮಾರ್ಚ್‌ನಲ್ಲಿ ಹೂ ಮಳೆ ಬಂದಾಗ ಎಲ್ಲರೂ ಕಾಫಿ ಹೂವಿನ ಖುಷಿಯಲ್ಲಿದ್ದರೆ ನಾವು ರಾಶಿಗೆ ಟಾರ್ಪಾಲು ಹೊದಿಸಲು ಓಡಿದೆವು.

ಮೇ ಮೊದಲ ವಾರ, ಹದಿಮೂರು ಹದಿನಾಲ್ಕು ವಾರಕ್ಕೆ, ಮಗುಚಿದರೂ ರಾಶಿ ಬಿಸಿಯಾಗುವುದು ನಿಂತಿತ್ತು. ಬಣ್ಣ ಕಾಫಿ ಪುಡಿಯಂತೆ ಕಪ್ಪುಗಂದು. ಹುಳಿ ವಾಸನೆ ಹೋಗಿ ಕಾಡಿನ ನೆಲದ ವಾಸನೆ ಬಂದಿತ್ತು. ಚೂರನ್ನು ಬೆರಳಲ್ಲಿ ಮುರಿದರೆ ಮುರಿಯುತ್ತಿತ್ತು, ಪುಡಿಯಾಗುತ್ತಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಬೆರೆಸುವ ಪ್ರಮಾಣಕ್ಕಿಂತ ಈ ಹದವೇ ದೊಡ್ಡದು. ಪ್ರಮಾಣ ಆಚೀಚೆ ಆದರೆ ಗಿಡ ಸಹಿಸುತ್ತದೆ, ಮಾಗದ ತೊಗಟೆಯನ್ನು ಸಹಿಸುವುದಿಲ್ಲ. ಮಾಗಿಸಿದ್ದಕ್ಕೆ ಇನ್ನೊಂದು ಲಾಭವೂ ಇದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಹ್ಯಾರಿ ಹಾಯ್ಟಿಂಕ್ ಅವರ ಕೆಲಸ ಈ ವಿಷಯದಲ್ಲಿ ಹೆಸರುವಾಸಿ. ಸರಿಯಾಗಿ ಕಾಂಪೋಸ್ಟ್ ಆದ ತೊಗಟೆಯಲ್ಲಿ ನೆಲೆಯಾಗುವ ಒಳ್ಳೆಯ ಜೀವಿಗಳು ಪಿಥಿಯಂ, ಫೈಟಾಪ್ತೊರಗಳನ್ನು ಹತ್ತಿಕ್ಕುತ್ತವೆ ಅಂತ ಅವರು ತೋರಿಸಿಕೊಟ್ಟರು.

ಬೆರೆಸಿದ್ದು, ಅಳೆದದ್ದು

ಮಾಗಿದ ತೊಗಟೆಯನ್ನು 12 ಮಿ.ಮೀ. ಜಾಲರಿಯಲ್ಲಿ ಜರಡಿ ಹಿಡಿದು ದಪ್ಪ ಚಕ್ಕೆ ತೆಗೆದೆವು. ಪರ್ಲೈಟ್ ಬದಲಿಗೆ ಇಟ್ಟಿಗೆ ಚೂರು ಮತ್ತು ಇದ್ದಿಲು. ಇಟ್ಟಿಗೆಯನ್ನು ಮೆಣಸಿನ ಕಾಳಿನಿಂದ ಕಡಲೆ ಕಾಳಿನ ಗಾತ್ರಕ್ಕೆ ಒಡೆದು, ದೂಳು ತೊಳೆದು ಹಾಕಿದೆವು. ಆ ದೂಳು ಉಳಿದರೆ ತಳಕ್ಕೆ ಇಳಿದು ಮತ್ತೆ ಕೆಸರೇ.

ಸುಣ್ಣದ ಚೀಲ ದೊಡ್ಡಮ್ಮ ಮೊದಲೇ ತೆಗೆದಿಟ್ಟಿದ್ದರು. ಕಾಫಿ ತೋಟಕ್ಕೆ ಸುಣ್ಣ ಹಾಕಿ ಅಭ್ಯಾಸವಾದ ಕೈ. ಹಾಕುವ ಮುಂಚೆ ರಸಸಾರ (ಪಿಎಚ್) ನೋಡೋಣ ಅಂದೆ. ಮಿಶ್ರಣವನ್ನು ಶುದ್ಧ ನೀರಲ್ಲಿ ನೆನೆಸಿ ಕಾಗದದ ಪಟ್ಟಿ ಅದ್ದಿದರೆ 6.5ರ ಆಸುಪಾಸು ತೋರಿಸಿತು. ಪೈನ್ ತೊಗಟೆ ಹುಳಿ ಜಾಸ್ತಿ, ಅದಕ್ಕೆ ಸುಣ್ಣ ಬೇಕು. ಅಗಲ ಎಲೆ ಮರದ ತೊಗಟೆ ಮಾಗುತ್ತಾ ಹುಳಿ ಕಳೆದುಕೊಳ್ಳುತ್ತದೆ. ಸುಣ್ಣದ ಚೀಲ ವಾಪಸ್ ಉಗ್ರಾಣಕ್ಕೆ ಹೋಯಿತು.

ದೊಡ್ಡ ಚರ್ಚೆ ನಡೆದದ್ದು ಕೆಂಪು ಮಣ್ಣಿನ ಬಗ್ಗೆ. "ಒಂದು ಹಿಡಿ ಮಣ್ಣೂ ಇಲ್ಲದೆ ಗಿಡ ಹೇಗೆ ಬದುಕುತ್ತೆ ಹೇಳು" ಅಂತ ದೊಡ್ಡಮ್ಮ. "ಅಳೆದೇ ನೋಡೋಣ ದೊಡ್ಡಮ್ಮ, ಆಮೇಲೆ ನೀವು ಹೇಳಿದ ಹಾಗೆ" ಅಂದೆ. ನಾಲ್ಕು ಲೀಟರ್ ಹಿಡಿಯುವ ಕುಂಡದ ತೂತಿಗೆ ಟೇಪು ಅಂಟಿಸಿ, ಮಿಶ್ರಣ ತುಂಬಿ, ಮೇಲೆ ನೀರು ಮಿನುಗುವವರೆಗೆ ನಿಧಾನವಾಗಿ ಸುರಿದು ಒಂದು ಗಂಟೆ ಬಿಟ್ಟೆವು. ಆಮೇಲೆ ಟೇಪು ಕಿತ್ತು, ತೊಟ್ಟಿಕ್ಕುವುದು ಪೂರ್ತಿ ನಿಲ್ಲುವವರೆಗೆ ಇಳಿದ ನೀರನ್ನು ಹಿಡಿದು ಅಳೆದೆವು. ಇಳಿದ ನೀರಿನ ಜಾಗಕ್ಕೆ ಅಷ್ಟೇ ಗಾಳಿ ಬಂದಿರುತ್ತದೆ, ಅಲ್ವಾ? ಹಳೆಯ ಮಣ್ಣು, ಮರಳು, ಗೊಬ್ಬರದ ಮಿಶ್ರಣದಿಂದ ಇಳಿದದ್ದು 180 ಮಿ.ಲೀ., ಅಂದರೆ ಗಾಳಿಗೆ ಸಿಕ್ಕ ಜಾಗ ನೂರಕ್ಕೆ ಐದೂ ಇಲ್ಲ. ಐದು ತೊಗಟೆ, ಒಂದು ಕೊಕೊಪೀಟ್, ಒಂದು ಇಟ್ಟಿಗೆ ಇದ್ದಿಲಿನ ಮಿಶ್ರಣದಿಂದ 1,050 ಮಿ.ಲೀ., ನೂರಕ್ಕೆ 26. ಅದಕ್ಕೇ ಒಂದು ಪಾಲು ಕೆಂಪು ಮಣ್ಣು ಸೇರಿಸಿದಾಗ 520ಕ್ಕೆ ಇಳಿಯಿತು. ಒಂದೇ ಒಂದು ಪಾಲಿಗೆ ಅರ್ಧ ಗಾಳಿ ಹೋಯಿತು. ಅಳತೆಯ ಚೊಂಬನ್ನು ಬೆಳಕಿಗೆ ಹಿಡಿದು ನೋಡಿದ ದೊಡ್ಡಮ್ಮ ಆಮೇಲೆ ಮಣ್ಣಿನ ಮಾತು ಎತ್ತಲಿಲ್ಲ.

ಅಷ್ಟರಲ್ಲಿ ಮರಿ ಬೇರ್ಪಡಿಸಿ ಕುಂಡಗಳು 56 ಆಗಿದ್ದವು. 48ಕ್ಕೆ ತೊಗಟೆ ಮಿಶ್ರಣ, ತಳಕ್ಕೆ ಕಲ್ಲಿಲ್ಲ, ತೂತಿಗೆ ಬರೀ ಒಂದು ತುಂಡು ಜಾಲರಿ. 8 ಕುಂಡ ಹಳೆಯ ಮಣ್ಣಿನಲ್ಲೇ ಬಿಟ್ಟೆವು. ನೆಡುವಾಗ ಒತ್ತಲಿಲ್ಲ, ಕುಂಡವನ್ನು ಎರಡು ಸಲ ನೆಲಕ್ಕೆ ತಟ್ಟಿದ್ದು ಅಷ್ಟೆ.

ಮಳೆಗಾಲ

ಜೂನ್ ಚೆನ್ನಾಗಿಯೇ ಕಳೆಯಿತು. ಜುಲೈನಲ್ಲಿ ಯೋಚಿಸಿರದ ತೊಂದರೆ ಬಂತು. ತೊಗಟೆ ಮಿಶ್ರಣ ಹಗುರ. ಊರಿನ ಹೆಸರಲ್ಲೇ ಗಾಳಿ ಇದೆ. ಒಂದು ರಾತ್ರಿ ಹನ್ನೊಂದು ಕುಂಡ ಉರುಳಿ ಮಿಶ್ರಣವೆಲ್ಲ ಕಣದ ಪಾಲಾಯಿತು. ಮರುದಿನ ಎತ್ತರದ ಗಿಡಗಳನ್ನು ಗೋಡೆ ಬದಿಗೆ ಒತ್ತೊತ್ತಾಗಿ ಇಟ್ಟು, ಬುಷ್ ಪೆಪ್ಪರ್‌ನ ಕುಂಡಗಳಿಗೆ ಬೇಬಿ ಜಲ್ಲಿ ಬೆರೆಸಿ ಮತ್ತೆ ತುಂಬಿದೆವು. ಜಲ್ಲಿ ತಳಕ್ಕಲ್ಲ, ಇಡೀ ಮಿಶ್ರಣದೊಳಗೆ. ಭಾರವೂ ಬಂತು, ಗಾಳಿಯೂ ಉಳಿಯಿತು.

ಗೊಬ್ಬರದ ವಿಷಯದಲ್ಲಿ ಜಾಗ್ರತೆ ಬೇಕು. ಮಣ್ಣಿನಂತೆ ತೊಗಟೆ ಸಾರ ಹಿಡಿದಿಡುವುದಿಲ್ಲ, ಈ ಮಳೆಗೆ ಹಾಕಿದ್ದೆಲ್ಲ ತೊಳೆದು ಹೋಗುತ್ತದೆ. ನಿಧಾನವಾಗಿ ಬಿಡುವ ಗುಳಿಗೆ ಗೊಬ್ಬರ ಕುಂಡಕ್ಕೆ ಒಂದು ಚಮಚ ಹಾಕಿದ್ದೆವು. ಮಳೆ ಬಿಡುವು ಕೊಟ್ಟಾಗ ಮಾತ್ರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಲೀಟರಿಗೆ ಒಂದು ಗ್ರಾಂನಂತೆ ಕೊಟ್ಟೆವು. ಬಸವನ ಹುಳು ತೊಗಟೆಯ ಸಂದಿನಲ್ಲಿ ಅಡಗುತ್ತವೆ, ಸಂಜೆ ಟಾರ್ಚ್ ಹಿಡಿದು ಹೆಕ್ಕುವುದೇ ದಾರಿ.

ಸೆಪ್ಟೆಂಬರ್ ಕೊನೆಯ ಎಣಿಕೆ: ತೊಗಟೆಯ 48ರಲ್ಲಿ ಸತ್ತದ್ದು 3. ಹಳೆಯ ಮಣ್ಣಿನ 8ರಲ್ಲಿ 5. ತೊಗಟೆಯಲ್ಲಿ ಸತ್ತ ಮೂರರಲ್ಲಿ ಎರಡು ಬುಷ್ ಪೆಪ್ಪರ್. ಮೆಣಸಿಗೆ ತೊಗಟೆಯೊಂದೇ ಕಾವಲು ಅಂತ ನಾನು ಹೇಳುವುದಿಲ್ಲ. ಫೈಟಾಪ್ತೊರ ತಡೆಯುವ ಕೊಲುಬ್ರಿನಮ್ ಅನ್ನುವ ಕಾಡು ಮೆಣಸಿನ ಬೇರಿಗೆ ಕಸಿ ಮಾಡಿದ ಗಿಡ ತರುವುದು ಒಳ್ಳೆಯದು. ನಮ್ಮವು ಬರೀ ಅಡ್ಡ ಕೊಂಬೆಯಿಂದ ಮಾಡಿದ ಗಿಡಗಳು.

ಬೇಸಿಗೆಯ ಕಷ್ಟ ಬೇರೆ. ಮಾರ್ಚ್, ಏಪ್ರಿಲ್‌ನಲ್ಲಿ ಈ ಮಿಶ್ರಣಕ್ಕೆ ದಿನಾ ನೀರು ಬೇಕು. ಎರಡು ದಿನ ತಪ್ಪಿದರೆ ತೊಗಟೆ ಒಣಗಿ ನೀರು ಹೀರುವುದನ್ನೇ ಬಿಡುತ್ತದೆ, ಆಗ ಕುಂಡವನ್ನು ಬಕೆಟ್‌ನಲ್ಲಿ ಅರ್ಧ ಗಂಟೆ ಮುಳುಗಿಸಿ ಇಡಬೇಕು. ನೀರು ಹಾಕಲು ಆಳಿಲ್ಲದ ಮನೆಗೆ ನಾನು ಇದನ್ನು ಹೇಳಲಾರೆ, ಕೊಕೊಪೀಟ್ ಇನ್ನೊಂದು ಪಾಲು ಹೆಚ್ಚಿಸಿಕೊಳ್ಳಿ ಅನ್ನುತ್ತೇನೆ.

ವರ್ಷ ತುಂಬಿದ ಮೇಲೆ ಒಂದು ಆಂಥೂರಿಯಂ ಕುಂಡ ಬಡಿದು ನೋಡಿದೆವು. ಮಿಶ್ರಣ ಒಂದೂವರೆ ಇಂಚು ಕುಗ್ಗಿತ್ತು. ಸಿಲ್ವರ್ ತೊಗಟೆ ಪೈನ್‌ನಷ್ಟು ದಿನ ಬಾಳುವುದಿಲ್ಲ, ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಆದರೆ ಬೇರು ತಳದ ಜಾಲರಿಯವರೆಗೂ ಇಳಿದಿತ್ತು. ಬಿಳಿ, ದಪ್ಪ, ತುದಿಯಲ್ಲಿ ತಿಳಿ ಹಸಿರು. ದೊಡ್ಡಮ್ಮ ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಸಿಪ್ಪೆ ಜಾರಲಿಲ್ಲ. ಗಿಡವನ್ನು ವಾಪಸ್ ಕುಂಡಕ್ಕೆ ಇಳಿಸಿ, "ಸಾಮಿಲ್‌ಗೆ ಈಗಲೇ ಫೋನ್ ಮಾಡಿ ಹೇಳು, ಪುತ್ತರಿ ಹಬ್ಬ ಕಳೆದ ಮೇಲೆ ಇನ್ನೊಂದು ಲೋಡ್ ಬೇಕು ಅಂತ" ಅಂದರು.